ನಾಲ್ಕನೆಯ ಶಾಲು

ಸರೋಜಕ್ಕನ ಬಾಯಿ ಮುಚ್ಚಿಸಿದವಳು ನಾನು. ಬೈಯಲಿಲ್ಲ, ಹೆದರಿಸಲಿಲ್ಲ — ತುಂಬಿದ ಸಭೆಯಲ್ಲಿ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ತಟ್ಟಿಸಿ ಮುಚ್ಚಿಸಿದೆ. ಆಮೇಲೆ, ಆಕೆಗೆ ಯಾವ ಆಕ್ಷೇಪಣೆಯೂ ಇರಲಿಲ್ಲವೆಂದು ನಡಾವಳಿಯಲ್ಲಿ ಬರೆದೆ. ಆಕೆ ಹೇಳಬೇಕೆಂದು ಹೊತ್ತು ತಂದದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಆರು ವರ್ಷ ನನ್ನ ಕಪಾಟಿನಲ್ಲಿ ಇಟ್ಟುಕೊಂಡೆ. ಈ ಮೂರು ಕೆಲಸವನ್ನೂ ಮಾಡಿದವಳು ನಾನೊಬ್ಬಳೇ.

ನನ್ನ ಅಂಕಣವನ್ನು ಓದುವ ನಿಮಗೆ ನನ್ನ ಧಾಟಿ ಗೊತ್ತು. ಯಾರು ನಿರ್ಧರಿಸಿದರು, ಯಾರನ್ನು ಕೇಳಿ ನಿರ್ಧರಿಸಿದರು, ಹೆಸರು ಹೇಳಿ — ವಾರ ವಾರವೂ ಇದನ್ನೇ ಕೇಳುತ್ತ ಬಂದಿದ್ದೇನೆ. ಉತ್ತರದಾಯಿತ್ವ ಎಂಬ ಪದವನ್ನು ನಾನು ಬಳಸಿದಷ್ಟು ಈ ಜಿಲ್ಲೆಯಲ್ಲಿ ಇನ್ನಾರೂ ಬಳಸಿರಲಾರರು. ನಿಮ್ಮಲ್ಲಿ ಕೆಲವರು ಅದಕ್ಕಾಗಿ ನನಗೆ ಪತ್ರ ಬರೆದು ಮೆಚ್ಚಿದ್ದೀರಿ. ಆ ಪತ್ರಗಳು ಕೂಡ ಅದೇ ಕಪಾಟಿನಲ್ಲಿವೆ, ನೋಟ್‌ಬುಕ್ಕಿನ ಮೇಲಿನ ಅರೆಯಲ್ಲಿ.

ಮೊದಲಿನಿಂದ ಹೇಳುತ್ತೇನೆ.

ನಾನು ಬೆಳೆದದ್ದು ಶಿವಮೊಗ್ಗದ ರವೀಂದ್ರನಗರದಲ್ಲಿ, ಇಬ್ಬರು ಸಂಬಳದಾರರಿದ್ದ ಮನೆಯಲ್ಲಿ. ಜ್ವರ ಬಂದರೆ ಅಪ್ಪ ಸ್ಕೂಟರ್ ತೆಗೆಯುತ್ತಿದ್ದರು. ಆಸ್ಪತ್ರೆ ಯಾವ ಹೊತ್ತಿಗೆ ತೆರೆಯುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎಂದೂ ಎದ್ದಿರಲಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದಾಗ ಆರೋಗ್ಯ ನೀತಿಯಲ್ಲಿ ಜನರ ಪಾಲ್ಗೊಳ್ಳುವಿಕೆ ಎಂಬ ವಿಷಯವನ್ನು ಆರಿಸಿಕೊಂಡೆ. ಕ್ಷೇತ್ರಕಾರ್ಯಕ್ಕೆ ಸಿಕ್ಕಿದ್ದು ಭದ್ರಾವತಿಯ ಹಳೇನಗರದ ಒಂದು ಗಲ್ಲಿ. ಅಲ್ಲಿ ಮೊದಲ ದಿನ, ಪ್ರಶ್ನಾವಳಿಯ ಕಟ್ಟು ಎದೆಗೊತ್ತಿಕೊಂಡು ಎಲ್ಲಿ ಶುರು ಮಾಡಲೆಂದು ತಿಳಿಯದೆ ನಿಂತಿದ್ದಾಗ, ಜಗುಲಿಯ ಮೇಲೆ ಹೊಲಿಗೆ ಮಷಿನ್ ತುಳಿಯುತ್ತಿದ್ದ ಹೆಂಗಸೊಬ್ಬರು ತಲೆಯೆತ್ತದೆಯೇ ಕೇಳಿದರು:

"ಏನಮ್ಮಾ, ಮತ್ತೆ ಗಣತಿನಾ? ಕೋಳಿ ಎಷ್ಟು, ಕುರಿ ಎಷ್ಟು ಅಂತ ಶುರು ಮಾಡ್ಬೇಡ ಮಾರಾಯ್ತಿ. ಈ ಮನೇಲಿರೋ ಕುರಿ ನಾನೊಬ್ಳೇ."

ಅವರೇ ಸರೋಜಕ್ಕ. ಅವರ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಲ್ಲಿಯ ಹೆಂಗಸರೆಲ್ಲರ ಬ್ಲೌಸು ಹೊಲಿಯುತ್ತಿದ್ದರು. ಅಳತೆ ಕೊಡಲು ಬಂದವರು ಕಷ್ಟ ಸುಖವನ್ನೂ ಅಲ್ಲೇ ಇಳಿಸಿ ಹೋಗುತ್ತಿದ್ದರು. ಓದು ಬರಹ ಬಾರದು, ಆದರೆ ಅರವತ್ತು ಮನೆಯ ಕಾಯಿಲೆಗಳು ಅವರ ಬಾಯಲ್ಲಿದ್ದವು. ನನ್ನನ್ನು ಮನೆಮನೆಗೆ ಕರೆದೊಯ್ದವರು ಅವರು. ಮಧ್ಯಾಹ್ನ ನನ್ನ ಬ್ಯಾಗಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ನೋಡಿ, "ಇದು ತಿಂದ್ರೆ ಪಾಸಾಗ್ತೀಯಾ?" ಎಂದು ಅದನ್ನು ಕಸಿದು, ತಟ್ಟೆ ಇಟ್ಟು ಬಡಿಸಿದವರೂ ಅವರೇ. ಆ ನಾಲ್ಕು ತಿಂಗಳಲ್ಲಿ ನಾನು ಅವರ ಮನೆಯಲ್ಲಿ ಉಣ್ಣದ ದಿನ ನೆನಪಿಲ್ಲ.

ಗಲ್ಲಿಯ ತುದಿಯಲ್ಲಿ ಒಂದು ಸಣ್ಣ ಚಿಕಿತ್ಸಾಲಯವಿತ್ತು. ಸಂಜೆ ಐದೂವರೆಗೆ ತೆರೆದು ಎಂಟಕ್ಕೆ ಮುಚ್ಚುತ್ತಿತ್ತು. ಎಲ್ಲರೂ ಅದನ್ನು ಸಂಜೆ ಆಸ್ಪತ್ರೆ ಎನ್ನುತ್ತಿದ್ದರು. ಒಬ್ಬ ಡಾಕ್ಟರು, ಒಬ್ಬ ನರ್ಸು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ಗಾಯಕ್ಕೆ ಕಟ್ಟು — ಅಷ್ಟೇ. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವವರು ಹಗಲು ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಇಲ್ಲ. ಹಾಗಾಗಿ ಆ ಗಲ್ಲಿಗೆ ಆಸ್ಪತ್ರೆ ಎಂದರೆ ಆ ಎರಡೂವರೆ ಗಂಟೆಯೇ.

ನಾನು ಪದವಿ ಮುಗಿಸಿ ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸ ಯೋಜನೆಯ ಕರಡು ಬಂತು. ಸಂಜೆ ಆಸ್ಪತ್ರೆಯನ್ನು ನ್ಯೂಟೌನ್ ಕಡೆಯ ದೊಡ್ಡ ಕೇಂದ್ರದಲ್ಲಿ ವಿಲೀನಗೊಳಿಸುವುದು. ಹೊಸ ಕಟ್ಟಡ, ಪ್ರಯೋಗಾಲಯ, ಹೆಚ್ಚು ಸಿಬ್ಬಂದಿ. ವೇಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಕಾಗದದ ಮೇಲೆ ಎಲ್ಲವೂ ಚಂದವಾಗಿತ್ತು. ಜನರ ಅಭಿಪ್ರಾಯ ಪಡೆದ ಮೇಲೆಯೇ ಅಂತಿಮಗೊಳಿಸಬೇಕೆಂದೂ ಅದರಲ್ಲಿ ಬರೆದಿತ್ತು. ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಆ ಜನಾಭಿಪ್ರಾಯ ಸಭೆ ನಡೆಸುವ ಹೊಣೆ ನಮ್ಮ ಸಂಸ್ಥೆಯ ಪಾಲಿಗೆ ಬಂತು. ಜನರನ್ನು ಕರೆಯುವುದು, ನಿರೂಪಣೆ ಮಾಡುವುದು, ಕೊನೆಗೆ ನಡಾವಳಿ ಬರೆಯುವುದು ನನ್ನ ಕೆಲಸ. ಕಾಲೇಜಿನಲ್ಲಿ ನಿರೂಪಣೆಗೆ ಹೆಸರಾಗಿದ್ದೆ. ಯಾವ ಸಭೆ ಯಾವ ಕಡೆ ವಾಲಿದರೂ ಎರಡು ಮಾತಿನಲ್ಲಿ ಎತ್ತಿ ನಿಲ್ಲಿಸುತ್ತಾಳೆ ಎಂದು ಮೇಷ್ಟ್ರು ಹೊಗಳುತ್ತಿದ್ದರು.

ಸರೋಜಕ್ಕನನ್ನು ಕರೆಯಲು ನಾನೇ ಹೋದೆ. ಇದನ್ನು ಮರೆಯಬಾರದು — ಆಕೆ ತಾನಾಗಿ ಬಂದವರಲ್ಲ.

"ನಮ್ ಮಾತು ಯಾರ್ ಕೇಳ್ತಾರೆ ಬಿಡು," ಎಂದರು.

"ಕೇಳಲೇಬೇಕು ಸರೋಜಕ್ಕ. ನೀತಿ ಅಂದ್ರೆ ಅದೇ. ಮೈಕ್ ನನ್ ಕೈಲಿರತ್ತೆ."

ಸೂಜಿಗೆ ದಾರ ಪೋಣಿಸುತ್ತಿದ್ದವರು ನಿಲ್ಲಿಸಿ ನನ್ನನ್ನೇ ನೋಡಿದರು. "ಹಂಗಾದ್ರೆ ಬರ್ತೀನಿ. ಮೈಕ್ ನಮ್ ಹುಡ್ಗಿ ಕೈಲಿದ್ಮೇಲೆ ಇನ್ನೇನ್ ಹೆದ್ರಿಕೆ?"

ನಮ್ಮ ಹುಡುಗಿ. ಹಾಗೆಂದರು.

ಬರಿಗೈಯಲ್ಲಿ ಬರಬಾರದೆಂದು ಆಕೆಗೆ ಹೊಳೆದದ್ದು ಆಕೆಯ ಸ್ವಂತ ಬುದ್ಧಿ. ಅದನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಪಕ್ಕದ ಮನೆಯ ಗಿರಿಜಕ್ಕ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿದ್ದರು, ಏಳನೆಯ ತರಗತಿಯವರೆಗೆ ಓದಿದ್ದರು, ಸಕ್ಕರೆ ಕಾಯಿಲೆಯವರು. ಇಬ್ಬರದೂ ಮೂವತ್ತು ವರ್ಷದ ಗೆಳೆತನ. ಮೂರು ವಾರ ಪ್ರತಿ ಸಂಜೆ, ಗಿರಿಜಕ್ಕ ಕೆಲಸ ಮುಗಿಸಿ ಬಂದ ಮೇಲೆ, ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಬಂದವರ ಹೆಸರೇನು, ಕೆಲಸವೇನು, ಏನು ಕಾಯಿಲೆ, ಹಗಲು ಯಾಕೆ ಬರಲಾಗದು — ಸರೋಜಕ್ಕ ಕೇಳುವುದು, ಗಿರಿಜಕ್ಕ ಬರೆಯುವುದು.

"ಬರೆಯೋದು ನಂದು, ಮಾತು ನಿಂದು," ಎಂದು ಗಿರಿಜಕ್ಕ ನನ್ನೆದುರೇ ಒಪ್ಪಂದ ಮಾಡಿಕೊಂಡರು. "ನಂಗೆ ರಜೆನೂ ಸಿಗಲ್ಲ. ಸಿಕ್ಕಿದ್ರೂ ಅಷ್ಟು ಜನದ ಮುಂದೆ ನನ್ ಕಾಲು ನಡುಗತ್ತೆ."

"ನಿನ್ ಕಾಲು ಹೆಂಗೂ ನಡುಗತ್ತೆ ಬಿಡೇ. ಮದುವೆ ಮನೇಲಿ ಜಿಲೇಬಿ ಕದ್ದು ತಿಂತೀಯಲ್ಲ, ಅದಕ್ಕೆ," ಎಂದರು ಸರೋಜಕ್ಕ. ಇಬ್ಬರೂ ನಕ್ಕರು. ನಾನೂ ನಕ್ಕೆ. ಆ ನಗು ಈಗ —

ಸಭೆಯ ದಿನ ಹೇಗೆ ನಡೆಯಿತೆಂದು ನಿಮಗೆ ಹೇಳಬೇಕಾಗಿಯೇ ಇಲ್ಲ. ನಮ್ಮ ಸಭೆಗಳು ಹೇಗೆ ನಡೆಯುತ್ತವೆಂದು ನಿಮಗೆ ಗೊತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಗಣ್ಯರಿಗೆ ಸನ್ಮಾನ, ಗಣ್ಯರ ಭಾಷಣ. ಹತ್ತೂವರೆಗೆಂದು ಕರೆದ ಸಭೆ ಹನ್ನೊಂದೂ ಕಾಲಿಗೆ ಶುರುವಾಯಿತು. ಜನರ ಅಭಿಪ್ರಾಯಕ್ಕೆ ಉಳಿದದ್ದು ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ. ಮಾತಾಡುವವರ ಪಟ್ಟಿಯಲ್ಲಿ ಏಳು ಹೆಸರಿದ್ದವು, ಸರೋಜಕ್ಕನದು ಐದನೆಯದು. ಮೊದಲ ನಾಲ್ವರು ಯೋಜನೆಯನ್ನು ಹೊಗಳಿದರು; ಅವರನ್ನು ಕರೆಸಿದ್ದೇ ಅದಕ್ಕೆ. ನಮ್ಮ ಸಂಯೋಜಕರು ಪಕ್ಕದಿಂದ ನನ್ನ ಕೈಗೆ ಒಂದು ಚೀಟಿ ತುರುಕಿದರು. 'ಭದ್ರಾವತಿಯ ಹೆಂಗಸಿಗೆ ಮೈಕ್ ಬೇಡ. ಬೇಸರ ಆಗದ ಹಾಗೆ ನಿಭಾಯಿಸು.'

ತಲೆಯೆತ್ತಿದೆ. ಸರೋಜಕ್ಕ ಆಗಲೇ ಎದ್ದಿದ್ದರು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಅಲುಗಿಸುತ್ತ — ಗಿರಿಜಕ್ಕ ಓದಿ ಹೇಳಿ ಬಾಯಿಪಾಠ ಮಾಡಿಸಿದ್ದನ್ನೆಲ್ಲ ಇನ್ನೊಮ್ಮೆ ಹೇಳಿಕೊಳ್ಳುತ್ತ — ನನ್ನ ಕಡೆ ನಡೆದು ಬರುತ್ತಿದ್ದರು.

ಮೇಜಿನ ಮೇಲೆ ಒಂದು ಶಾಲು ಉಳಿದಿತ್ತು. ನಾಲ್ವರು ಗಣ್ಯರಿಗೆ ನಾಲ್ಕು ಶಾಲು, ನಾಲ್ಕು ಹಣ್ಣಿನ ಬುಟ್ಟಿ ತಂದಿದ್ದೆವು. ಒಬ್ಬರು ಬಂದಿರಲಿಲ್ಲ.

ಯಾರೂ ಅದನ್ನು ತೋರಿಸಿಕೊಡಲಿಲ್ಲ. ಚೀಟಿಯಲ್ಲಿ ಶಾಲಿನ ಮಾತಿರಲಿಲ್ಲ. ಹೊಳೆದದ್ದು ನನಗೆ. ಹೊಳೆದ ಕ್ಷಣ ಒಳಗೊಳಗೇ ಹಿಗ್ಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ — ಕಗ್ಗಂಟೊಂದನ್ನು ಬಿಡಿಸಿದ ಜಾಣೆಯ ಹಿಗ್ಗು. ಮೈಕಿನಲ್ಲಿ ಹೇಳಿದೆ:

"ಮಾತಿಗಿಂತ ಕೆಲಸ ದೊಡ್ಡದು ಎಂದು ಬದುಕಿ ತೋರಿಸಿದವರು ನಮ್ಮ ಭದ್ರಾವತಿಯ ಸರೋಜಮ್ಮನವರು. ಅವರನ್ನು ಈಗ ಗೌರವಿಸೋಣ. ಜೋರಾದ ಚಪ್ಪಾಳೆ ಬರಲಿ!"

ಚಪ್ಪಾಳೆ ಬಂತು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಎದ್ದು ನಿಂತರು. ಶಾಲು ಹೊದಿಸಿದ್ದಾಯಿತು. ಬುಟ್ಟಿ ಹಿಡಿಯಲು ಆಕೆಗೆ ಕೈ ಬೇಕಿತ್ತು. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಫೋಟೋ ಆಯಿತು. ಬುಟ್ಟಿಯ ಮೇಲಿಂದ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ನಾನ್ ಮಾತಾಡ್ಬೇಕಲ್ಲಮ್ಮಾ?"

"ಊಟ ಆದ್ಮೇಲೆ, ಸರೋಜಕ್ಕ."

ಊಟ ಆದ ಮೇಲೆ ಏನೂ ಇರಲಿಲ್ಲ. ಆಹ್ವಾನ ಪತ್ರಿಕೆಯನ್ನು ಅಚ್ಚು ಹಾಕಿಸಿದವಳು ನಾನು. ಅದರಲ್ಲಿ ವಂದನಾರ್ಪಣೆಯ ನಂತರ ಊಟ, ಊಟದ ನಂತರ ಖಾಲಿ ಕಾಗದ. ಓದು ಬಾರದ ಹೆಂಗಸಿಗೆ ಅದು ತಿಳಿಯುವ ಬಗೆ ಇರಲಿಲ್ಲ. ಅಧಿಕಾರಿಗಳು ಹೊರಟರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಸರೋಜಕ್ಕ ಮೊದಲ ಸಾಲಿನಲ್ಲಿ, ಹೆಗಲ ಮೇಲೆ ಶಾಲು, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕಾಯುತ್ತ ಕೂತಿದ್ದರು. ಊಟಕ್ಕೂ ಏಳಲಿಲ್ಲ, ಎದ್ದರೆ ಸರದಿ ತಪ್ಪೀತೆಂದು ಇರಬೇಕು. ಅಡುಗೆಯವರ ಬಾಗಿಲ ಸಂದಿಯಿಂದ ನಾನು ಅದನ್ನು ನೋಡಿದೆ. ಹೊರಗೆ ಬರಲಿಲ್ಲ. ಕಸ ಗುಡಿಸುವವರು ಅವರ ಕುರ್ಚಿಯವರೆಗೂ ಬಂದಾಗ ಎದ್ದರು. ಮೇಜಿನ ಮೇಲೆ ಹುಡುಕಿದರು, ಯಾರನ್ನೋ ಕೇಳಿದರು. ನೋಟ್‌ಬುಕ್ಕು ನನ್ನ ಬ್ಯಾಗಿನಲ್ಲಿತ್ತು. ವರದಿಗೆ ಸೇರಿಸಲೆಂದು ತೆಗೆದುಕೊಂಡೆ — ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಎರಡು ಸಾಲು ಬರೆದೆ: 'ಭದ್ರಾವತಿಯ ನಾಗರಿಕ ಪ್ರತಿನಿಧಿಗಳು ಯೋಜನೆಯನ್ನು ಸ್ವಾಗತಿಸಿದರು. ಯಾವುದೇ ಆಕ್ಷೇಪಣೆ ವ್ಯಕ್ತವಾಗಲಿಲ್ಲ.' ಸಾಕ್ಷಿಗೆ ಸರೋಜಕ್ಕನ ಫೋಟೋ ಲಗತ್ತಿಸಿದೆ. ಅದೇ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಕೆಲವು ತಿಂಗಳಲ್ಲಿ ಸಂಜೆ ಆಸ್ಪತ್ರೆಗೆ ಬೀಗ ಬಿತ್ತು. ನಾನು ಆ ಗಲ್ಲಿಗೆ ಹೋಗುವುದನ್ನು ಬಿಟ್ಟೆ. ಸರೋಜಕ್ಕನ ಫೋನು ಬಂದಾಗ ಎತ್ತಲಿಲ್ಲ. ಕೆಲ ದಿನದಲ್ಲಿ ಫೋನು ಬರುವುದೂ ನಿಂತಿತು. ಎರಡು ವರ್ಷದ ನಂತರ ಕೆಲಸ ಬಿಟ್ಟೆ. ವ್ಯವಸ್ಥೆ ಭ್ರಷ್ಟವಾಗಿದೆ ಎಂದು ರಾಜೀನಾಮೆಯಲ್ಲಿ ಬರೆದು, ಅಂಕಣಕಾರ್ತಿಯಾದೆ.

ಕಳೆದ ತಿಂಗಳು ಜನಾಭಿಪ್ರಾಯ ಸಭೆಗಳ ಸುಳ್ಳನ್ನು ಬಯಲಿಗೆಳೆಯಲೆಂದು ಮಾಹಿತಿ ಹಕ್ಕಿನಲ್ಲಿ ಹಳೆಯ ನಡಾವಳಿಗಳನ್ನು ಕೇಳಿ ಪಡೆದೆ. ಕಟ್ಟಿನಲ್ಲಿ ನನ್ನದೂ ಇತ್ತು. ಇರುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅರ್ಜಿ ಹಾಕಿದೆ — ಯಾರಾದರೂ ನನ್ನನ್ನು ಹಿಡಿಯಲಿ ಎಂಬ ಆಸೆಯೋ, ಯಾರೂ ಹಿಡಿಯಲಾರರೆಂಬ ಧೈರ್ಯವೋ, ಇವತ್ತಿಗೂ ತಿಳಿಯದು. ಫೋಟೋದಲ್ಲಿ ಸರೋಜಕ್ಕ ಕ್ಯಾಮೆರಾ ನೋಡುತ್ತಿಲ್ಲ. ಮೇಜಿನ ಮೇಲಿನ ನೋಟ್‌ಬುಕ್ಕನ್ನು ನೋಡುತ್ತಿದ್ದಾರೆ. ಆರು ವರ್ಷದಲ್ಲಿ ಅದನ್ನು ಮೊದಲ ಬಾರಿ ಗಮನಿಸಿದೆ.

ಕಪಾಟಿನಿಂದ ನೋಟ್‌ಬುಕ್ಕು ತೆಗೆದುಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಸರೋಜಕ್ಕ ಜಗುಲಿಯ ಮೇಲೆ ಕೂತು ಬಟ್ಟೆ ಚೀಲಗಳ ದಾರ ಕತ್ತರಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಮ್ಮೆ ನೋಡಿ, ಮತ್ತೆ ಕತ್ತರಿಗೆ ಕಣ್ಣಿಳಿಸಿದರು.

"ಬಾರಮ್ಮ. ಈ ಸಲ ಯಾರಿಗೆ ಸನ್ಮಾನ?"

ಮೂಲೆಯಲ್ಲಿ ಹೊಲಿಗೆ ಮಷಿನ್ ಮುಚ್ಚಿಟ್ಟಿತ್ತು. ಅದರ ಮೇಲೆ ಹೊದಿಸಿದ್ದುದು ಆ ಶಾಲು.

"ನೋಡ್ತಿದ್ದೀಯಾ? ಧೂಳು ಕೂರಬಾರ್ದು ಅಂತ. ಒಳ್ಳೆ ಶಾಲು ಕೊಟ್ಟಿದ್ದೀರಿ, ಬಣ್ಣ ಹೋಗಿಲ್ಲ."

ಬ್ಲೌಸ್ ಹೊಲಿಸಲು ಯಾರೂ ಬರುತ್ತಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು. ಆಗ ತಿಳಿಯಿತು, ಆ ದಿನ ಆಕೆ ಊರಿಗೆ ಮರಳಿದ ಮೇಲೆ ಏನು ನಡೆಯಿತೆಂದು. ಸನ್ಮಾನದ ಹಣ್ಣನ್ನು ಒಬ್ಬರೇ ತಿನ್ನಬಾರದೆಂದು ಸರೋಜಕ್ಕ ಮನೆಮನೆಗೂ ಹಂಚಿದ್ದರು, ಹಂಚುವುದು ರೂಢಿ. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು, ಕೆಳಗೆ ಯೋಜನೆಯನ್ನು ಸ್ವಾಗತಿಸಿದ ಭದ್ರಾವತಿಯ ಮಹಿಳೆ ಎಂದು. ಬೀಗ ಬಿದ್ದ ದಿನ ಗಲ್ಲಿಯವರಿಗೆ ಆ ಹಣ್ಣು ನೆನಪಾಯಿತು; ಅಳತೆ ಕೊಡಲು ಬರುವುದನ್ನು ಬಿಟ್ಟರು. ಗಿರಿಜಕ್ಕ ನೋಟ್‌ಬುಕ್ಕು ವಾಪಸು ಕೇಳಿದರು. ಸರೋಜಕ್ಕನ ಬಳಿ ಎಲ್ಲಿತ್ತು?

"ಬಾಗ್ಲಲ್ಲೇ ನಿಂತು ಕೇಳಿದ್ಲು. ನಾನು ಬರೆದಿದ್ದನ್ನ ಕೊಟ್ಟು ಹಣ್ಣು ತಂದ್ಯಾ ಸರೋಜಾ ಅಂತ." ಸರೋಜಕ್ಕ ಕತ್ತರಿ ಕೆಳಗಿಟ್ಟರು. "ಅವತ್ತೇ ಕೊನೆ. ಆಮೇಲೆ ಅವಳು ನನ್ ಹತ್ರ ಒಂದ್ ಮಾತೂ ಆಡ್ಲಿಲ್ಲ."

ಗಿರಿಜಕ್ಕ ಎಲ್ಲಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸರೋಜಕ್ಕನೇ ಹೇಳಿದರು. ರಜೆ ಹಾಕಿ ನ್ಯೂಟೌನಿಗೆ ಹೋಗುವುದು ತಿಂಗಳಿಗೊಮ್ಮೆ ಆಯಿತು, ಆಮೇಲೆ ತಪ್ಪಿತು. ಮಾತ್ರೆಯೂ ತಪ್ಪಿತು. ಕಾಲಿನ ಹೆಬ್ಬೆರಳಿಗೆ ಗಾಯವಾಗಿ ಮಾಯಲಿಲ್ಲ. ಶಿವಮೊಗ್ಗಕ್ಕೆ ಒಯ್ಯುವ ಹೊತ್ತಿಗೆ ಮೊಣಕಾಲಿನವರೆಗೆ ಕತ್ತರಿಸಬೇಕಾಯಿತು. ಅದಾದ ಮೇಲೆ ಒಂದು ವರ್ಷ ಬದುಕಿದರು. ಗೋಡೆಗೆ ಗೋಡೆ ಅಂಟಿದ ಮನೆ. ಗಿರಿಜಕ್ಕ ಕೋಲೂರಿ ಹಿತ್ತಲಿಗೆ ಹೋಗುವ ಸದ್ದು ಸರೋಜಕ್ಕನಿಗೆ ಕೇಳಿಸುತ್ತಿತ್ತು. ಸತ್ತ ದಿನ ಮುಖ ನೋಡಲು ಹೋದರೆ ಗಿರಿಜಕ್ಕನ ಮಗಳು ಹೊಸ್ತಿಲಿಗೆ ಅಡ್ಡ ನಿಂತಳಂತೆ.

"ಶಾಲು ಹೊದ್ಕೊಂಡು ಬರ್ಲಿಲ್ವಾ ಆಂಟಿ, ಅಂದ್ಲು." ಸರೋಜಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನೇ ಎತ್ತಿ ಆಡ್ಸಿದ ಮಗು ಅದು. ವಾಪಸ್ ಬಂದೆ. ಮುಖ ನೋಡೋಕೆ ಆಗ್ಲೇ ಇಲ್ಲ."

ಗಿರಿಜಕ್ಕನನ್ನು ಕೊಂದದ್ದು ಕಾಯಿಲೆ — ಹೀಗೆ ಬರೆದು ನಾನು ಪಾರಾಗಬಹುದು. ಸರೋಜಕ್ಕ ಅಂದು ಮಾತಾಡಿದ್ದರೂ ಆಸ್ಪತ್ರೆ ಮುಚ್ಚುತ್ತಿದ್ದರು ಎಂದೂ ವಾದಿಸಬಹುದು. ಬಹುಶಃ ನಿಜವೇ ಇರಬಹುದು. ಆದರೆ ಮಾತಾಡಿ ಸೋತಿದ್ದರೆ ಇಬ್ಬರೂ ಆ ಮೆಟ್ಟಿಲ ಮೇಲೆ ಕೂತು ಒಟ್ಟಿಗೆ ಸರ್ಕಾರವನ್ನು ಬೈಯುತ್ತಿದ್ದರು. ಗಿರಿಜಕ್ಕ ಕಾಲು ಕಳೆದುಕೊಂಡರೂ ಗೆಳತಿಯನ್ನು ಕಳೆದುಕೊಳ್ಳುತ್ತಿರಲಿಲ್ಲ. ಅದನ್ನು ಕಸಿದವಳು ನಾನು. ಒಂದು ಫೋನು ಎತ್ತಿದ್ದರೆ, ಒಂದು ಸಲ ಬಸ್ಸು ಹತ್ತಿ ಬಂದು ನೋಟ್‌ಬುಕ್ಕು ನನ್ನ ಬಳಿಯಿದೆ ಎಂದಿದ್ದರೆ — ಆರು ವರ್ಷ ಇತ್ತಲ್ಲ.

ಬ್ಯಾಗು ತೆರೆದು ನೋಟ್‌ಬುಕ್ಕನ್ನು ಆಕೆಯ ಮುಂದಿಟ್ಟೆ. ಶಾಲು ಹೊದಿಸಿದ್ದು ಬೇಕೆಂದೇ, ಊಟ ಆದ ಮೇಲೆ ಎಂದದ್ದು ಸುಳ್ಳು, ಪುಸ್ತಕ ಕದ್ದದ್ದು ನಾನು — ಒಂದೊಂದಾಗಿ ಹೇಳಿದೆ. ಆಕೆ ಬೈಯಬಹುದು ಅಂದುಕೊಂಡಿದ್ದೆ. ಬೈಯಲಿ ಎಂದು ಹಂಬಲಿಸಿದ್ದೆ. ಆಕೆ ಪುಟ ತಿರುವಿ, ಗಿರಿಜಕ್ಕನ ದುಂಡನೆಯ ಬರಹದ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು.

"ಓದು," ಎಂದರು.

ಓದಿದೆ. ಕಟ್ಟಡದ ಕೆಲಸದವನ ಬಿಪಿ, ಪಾತ್ರೆ ತೊಳೆಯುವವಳ ಕೈಗಾಯ, ಹೂ ಮಾರುವ ಮುದುಕಿಯ ಉಬ್ಬಸ — ಅಂದು ಮೈಕಿನಲ್ಲಿ ಕೇಳಿಸಬೇಕಿದ್ದುದೆಲ್ಲವನ್ನೂ ಆ ಜಗುಲಿಯ ಮೇಲೆ, ಒಬ್ಬರಿಗಾಗಿ ಓದಿದೆ. ಕೆಲವು ಕಡೆ ನಾನು ಮುಗಿಸುವ ಮೊದಲೇ ಉಳಿದದ್ದನ್ನು ಸರೋಜಕ್ಕ ಹೇಳುತ್ತಿದ್ದರು. ಆರು ವರ್ಷದ ಹಿಂದಿನ ಬಾಯಿಪಾಠ ಅಳಿಸಿರಲಿಲ್ಲ. ಕೊನೆಯ ಪುಟದ ಕೊನೆಯ ಸಾಲು ಹೀಗಿತ್ತು: 'ಗಿರಿಜ. ಗಾರ್ಮೆಂಟ್ಸ್. ಸಕ್ಕರೆ ಕಾಯಿಲೆ. ಏಳು ಗಂಟೆಗೆ ಮುಂಚೆ ಬರಲು ಆಗುವುದಿಲ್ಲ. ನಮ್ಮ ಪರವಾಗಿ ಸರೋಜ ಮಾತಾಡುತ್ತಾಳೆ.'

ಆ ಕೊನೆಯ ವಾಕ್ಯ ಅಲ್ಲಿದೆಯೆಂದು ಸರೋಜಕ್ಕನಿಗೆ ಗೊತ್ತಿರಲಿಲ್ಲ. ಬಾಯಿಪಾಠ ಮಾಡಿಸುವಾಗ ಗಿರಿಜಕ್ಕ ಅದನ್ನು ಓದಿ ಹೇಳಿರಲಿಲ್ಲ. "ಇನ್ನೊಂದ್ಸಲ ಓದು," ಎಂದರು. ಓದಿದೆ. ಅವರು ಗೋಡೆಯ ಕಡೆ, ಗಿರಿಜಕ್ಕನ ಮನೆಯ ಗೋಡೆಯ ಕಡೆ ತಿರುಗಿ ಕೂತರು. ಬೆನ್ನು ಮಾತ್ರ ಅಲುಗುತ್ತಿತ್ತು.

ಪತ್ರಿಕೆಯಲ್ಲಿ ಎಲ್ಲವನ್ನೂ ಬರೆಯುತ್ತೇನೆ, ಅವರ ಮೇಲಿನ ಅಪವಾದ ತೊಳೆಯುತ್ತೇನೆ ಎಂದೆ.

"ಬರ್ಕೋ. ಆದ್ರೆ ಈ ಗಲ್ಲೀಲಿ ನಿನ್ ಪೇಪರ್ ಯಾರ್ ಓದ್ತಾರೆ? ಆ ಹುಡ್ಗಿ ಮುಂದೆ ಹೇಳು. ಗಿರಿಜನ ಮಗಳ ಮುಂದೆ. ನಿಂತ್ಕೊಂಡು, ಬಾಯ್ಬಿಟ್ಟು ಹೇಳು." ಆಕೆ ಇನ್ನೂ ಗೋಡೆಯ ಕಡೆಗೇ ಇದ್ದರು.

ಕ್ಷಮಿಸುತ್ತೀರಾ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

ತಿರುಗಿ ನೋಡಿದರು. ಕಣ್ಣು ಕೆಂಪಗಾಗಿತ್ತು, ತುಟಿಯ ಕೊನೆಯಲ್ಲಿ ಹಳೆಯ ನಗುವಿನ ಹಾಗೆ ಏನೋ ಇತ್ತು.

"ಊಟ ಆದ್ಮೇಲೆ ಹೇಳ್ತೀನಿ," ಎಂದರು.

ಗಂಟೆ ಒಂದೂವರೆಯಾಗಿತ್ತು. ಒಳಗೆ ಅನ್ನ ಬೆಂದ ವಾಸನೆ ಬರುತ್ತಿತ್ತು. ಸರೋಜಕ್ಕ ಕತ್ತರಿ ಎತ್ತಿಕೊಂಡು ಚೀಲದ ದಾರ ಕತ್ತರಿಸತೊಡಗಿದರು. ಊಟ ಮಾಡು ಎನ್ನಲಿಲ್ಲ. ಆ ಮನೆಯಿಂದ ನಾನು ಉಣ್ಣದೆ ಎದ್ದು ಬಂದದ್ದು ಅದೇ ಮೊದಲು.

ಆ ನಡಾವಳಿಯನ್ನು ತಿದ್ದಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಅಂಗೀಕಾರವಾದ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಮಾತ್ರ ತಿದ್ದಬಹುದಂತೆ. ಮುಂದಿನ ಸಭೆ ಯಾವತ್ತೂ ನಡೆದಿಲ್ಲ. ಅಲ್ಲಿಯವರೆಗೆ ತಿದ್ದುಪಡಿ ಇಲ್ಲಿರಲಿ: ಭದ್ರಾವತಿ ಹಳೇನಗರದ ಸರೋಜಮ್ಮನವರು ಸಂಜೆ ಆಸ್ಪತ್ರೆಯನ್ನು ಮುಚ್ಚಬಾರದೆಂದು ಹೇಳಲು ಸಭೆಗೆ ಬಂದಿದ್ದರು. ಗಿರಿಜಮ್ಮನವರು ಬರೆದ ಸಾಕ್ಷ್ಯಗಳನ್ನು ತಂದಿದ್ದರು. ಅವರಿಗೆ ಮಾತಾಡಲು ಬಿಡಲಿಲ್ಲ. ಬಿಡದವಳು ನಿರೂಪಕಿ. ನಿರೂಪಕಿ ನಾನು.

ಗಿರಿಜಕ್ಕನ ಮಗಳಿಗೂ ಗಾರ್ಮೆಂಟ್ಸಿನಲ್ಲೇ ಕೆಲಸ; ಭಾನುವಾರ ಮನೆಯಲ್ಲಿರುತ್ತಾಳೆ. ಈ ಭಾನುವಾರ ಹೋಗುತ್ತೇನೆ. ಬೆಳಿಗ್ಗೆಯೇ ಹೋಗುತ್ತೇನೆ, ಊಟಕ್ಕೆ ಮುಂಚೆ.